ಬಿಸಿಗಾಳಿಯ ಕೊಳವೆ

ಗೋಣಿಬೀಡು
೧೯ ಜನವರಿ ೧೯೯೭

ರಾಜೀವ್ ಅವರಿಗೆ ರೂಪಶ್ರೀಯ ನಮಸ್ಕಾರ.

ನಾನು, ಅತ್ತೆ ಇಬ್ಬರೂ ಆರೋಗ್ಯ. ಕಾಫಿ ಕುಯ್ಲು ಅರ್ಧ ಮುಗಿದಿದೆ. ಅಣ್ಣನ ಅಂಗಡಿ ನೋಡಿಕೊಳ್ಳುತ್ತೇನೆಂದು ನೀವು ಕಳಸಕ್ಕೆ ಹೋದ ಮೇಲೆ, ಮಾವನವರ ಹಳೆಯ ಅಮೆರಿಕದ ಕಾರನ್ನು ಗುಜರಿಗೆ ಹಾಕಲು ಹೇಳಿ ಕಳಿಸಿದ್ದಿರಿ. ಹಾಕಲಿಲ್ಲ. ಮೊನ್ನೆ ಮೂಡಿಗೆರೆಯ ಮೆಕ್ಯಾನಿಕ್ ಉಮೇಶನನ್ನು ಕರೆಸಿ ಬಾನೆಟ್ ತೆಗೆಸಿದೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಯಾಕೆಂದರೆ ನಾವಿಬ್ಬರೂ ಇದನ್ನು ಒಮ್ಮೆಯೂ ಮಾತಾಡಿಲ್ಲ. ತುಂಬು ಬಸುರಿಯಾಗಿದ್ದ ನನಗೆ ನೋವು ಕಾಣಿಸಿಕೊಂಡ ಬೆಳಿಗ್ಗೆ ಕಾರು ಸ್ಟಾರ್ಟ್ ಆಯಿತು. ಮೂಡಿಗೆರೆಯ ಹ್ಯಾಂಡ್‌ಪೋಸ್ಟ್ ವೃತ್ತ ಮುಟ್ಟುವ ಮೊದಲೇ ಕರಿಹೊಗೆ ಉಗುಳಿ ನಿಂತುಬಿಟ್ಟಿತು. ಬೇರೆ ಜೀಪು ಸಿಕ್ಕು ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು. ಚಳಿ ಹೆಚ್ಚಿದೆಯೆಂದು ಹಿಂದಿನ ದಿನವಷ್ಟೇ ನೀವು ಆಟೋಮ್ಯಾಟಿಕ್ ಚೋಕನ್ನು ಬಿಗಿ ಮಾಡಿದ್ದಿರಿ. "ನಾನು ಅದನ್ನ ಮುಟ್ಟದೇ ಇದ್ದಿದ್ರೆ ಸಾಕಿತ್ತು" ಎಂದು ವಾರ್ಡಿನ ಹೊರಗೆ ನೀವು ಅತ್ತೆಗೆ ಹೇಳಿದ್ದು ಒಳಗೆ ನನಗೆ ಕೇಳಿಸಿತ್ತು.

ಆ ಚೋಕ್ ಎಂದರೆ ಇಷ್ಟೇ: ಕಾರ್ಬುರೇಟರಿನ ಪಕ್ಕದ ಕರಿ ಮುಚ್ಚಳದೊಳಗೆ ಒಂದು ಸುರುಳಿ ಸ್ಪ್ರಿಂಗ್ ಇದೆ. ತಣ್ಣಗಿದ್ದಾಗ ಅದು ಗಾಳಿ ಬರುವ ದಾರಿಯ ತಗಡನ್ನು ಮುಚ್ಚಿರುತ್ತದೆ. ಎಂಜಿನ್ನಿನ ಬಿಸಿಗಾಳಿ ತಾಗಿದಂತೆ ತೆರೆಯುತ್ತದೆ. ತೆರೆಯದಿದ್ದರೆ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಕರಿಹೊಗೆ ಉಗುಳಿ ನಿಲ್ಲುತ್ತದೆ. ಉಮೇಶ ಬಿಚ್ಚಿ ನೋಡಿ, "ಸ್ಪ್ರಿಂಗ್ ಸರಿಯಾಗೇ ಐತಲ್ಲ ಅಕ್ಕ, ಬಿಸಿಗಾಳಿನೇ ಬರ್ತಿಲ್ಲ" ಎಂದ. ಬಿಸಿಗಾಳಿ ತರುವ ಸಣ್ಣ ಕೊಳವೆಗೆ ತಂತಿ ತೂರಿಸಿದೆವು. ಒಣಮಣ್ಣು ಉದುರಿತು. ಕಣಜ ಒಳಗೆ ಗೂಡು ಕಟ್ಟಿತ್ತು.

ಕೊಳವೆ ಸ್ವಚ್ಛ ಮಾಡಿ, ನೀವು ತಿರುಗಿಸಿಟ್ಟಿದ್ದ ಜಾಗದಲ್ಲೇ ಮುಚ್ಚಳ ಕೂರಿಸಿ ಎಂಜಿನ್ ಚಾಲೂ ಮಾಡಿದೆವು. ಸ್ವಲ್ಪ ತಡವಾಯಿತು, ಆದರೆ ತಗಡು ಪೂರ್ತಿ ತೆರೆದುಕೊಂಡಿತು. ನೀವು ಮುಟ್ಟಿದ್ದರಿಂದ ಏನೂ ಕೆಟ್ಟಿರಲಿಲ್ಲ. ಆ ಕೊಳವೆ ಕಟ್ಟಿಕೊಂಡಿದ್ದಾಗ ಯಾರು ಹೇಗೆ ತಿರುಗಿಸಿದ್ದರೂ ಕಾರು ನಿಲ್ಲುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಉಮೇಶ ಮತ್ತೆ ಬಂದ. ಎಂಜಿನ್ ತಣ್ಣಗಿರುವಾಗ ನಾನೇ ಮೂರು ಸ್ಕ್ರೂ ಸಡಿಲಿಸಿ, ತಗಡು ಆಗಷ್ಟೇ ಮುಚ್ಚಿಕೊಳ್ಳುವಲ್ಲಿಗೆ ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಟ್ಟು ಕೀ ತಿರುಗಿಸಿದೆ. ಎಂಜಿನ್ ಕೂಡಲೇ ಚಾಲೂ ಆಯಿತು. ಬಿಸಿಯೇರಿದಂತೆ ತಗಡು ತಾನಾಗಿ ತೆರೆದುಕೊಳ್ಳುವುದನ್ನು ನೋಡುತ್ತ ನಿಂತೆ. "ಹೊಗೆ ಕಣ್ಣಿಗೆ ಹೋಯ್ತಾ ಅಕ್ಕ?" ಎಂದು ಉಮೇಶ ಕೇಳಿದ. ಹೂಂ ಎಂದೆ. ಹೊಗೆಯೇ ಇರಲಿಲ್ಲ.

ಬೇಗ ತಲುಪಿದ್ದರೆ ಮಗು ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿಕೊಂಡು ಬಂದಿದ್ದೇನೆ. ಹೇಳಲಾಗದು ಎಂದರು. ಅದನ್ನು ಇಬ್ಬರೂ ಹೊರಬೇಕು. ನೀವೊಬ್ಬರೇ ಕಳಸಕ್ಕೆ ಹೊತ್ತುಕೊಂಡು ಹೋದರೆ ನನ್ನ ಪಾಲಿಗೆ ಏನು ಉಳಿಯಿತು? ನನಗೆ ನಿಮ್ಮ ಮೇಲೆ ಸಿಟ್ಟಿದ್ದದ್ದು ನಿಜ. ಆದರೆ ಅದು ಕಾರಿಗಾಗಿ ಅಲ್ಲ, ಬಿಟ್ಟು ಹೋದದ್ದಕ್ಕೆ.

ಇಂತಿ, ನಿಮ್ಮ
ರೂಪಶ್ರೀ

ತಾ.ಕ.: ಇಷ್ಟನ್ನು ಮನೆಯಲ್ಲಿ ಬರೆದೆ. ಈ ಸಾಲುಗಳನ್ನು ಕಳಸದಲ್ಲಿ, ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ನಾನೇ ಓಡಿಸಿಕೊಂಡು ಬಂದೆ. ಅತ್ತೆ ಕೊಟ್ಟಿಗೆಹಾರದವರೆಗೆ ದೇವರ ನಾಮ ಹೇಳುತ್ತಿದ್ದರು, ಆಮೇಲೆ ನಿದ್ದೆ ಹೋದರು. ನಿಮ್ಮ ಅಣ್ಣನ ಅಂಗಡಿ ಇಲ್ಲಿಂದ ಕಾಣುತ್ತದೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಗೇ ಕೊಡುತ್ತೇನೆ. ಬಾಯಲ್ಲಿ ಹೇಳಲು ಆಗುವುದಿಲ್ಲ ನನಗೆ. ಓದಿ ಮುಗಿಸಿದ ಮೇಲೆ ತಲೆ ಎತ್ತಿ ನೋಡಿ, ಎದುರಿಗೇ ಇದ್ದೇನೆ.