ಹಾಡಿಗೆ ಮುಂಚಿನ ಟಕಟಕ

ಲೋ ತಮ್ಮಾ,

ಮಕ್ಕಳ ಆಸ್ಪತ್ರೆಗಾಗಿ ನಿಮ್ಮ ರಾಕ್ ಬ್ಯಾಂಡ್ ಹಾಡಿತ್ತಲ್ಲ, ಆ ಸಂಜೆಯ ಸಾಕ್ಷ್ಯಚಿತ್ರ ನೀನು ನಮ್ಮನ್ನೆಲ್ಲ ಬಿಟ್ಟು ತೀರಿಹೋದ ಮೇಲೆ ಎಡಿಟಿಂಗಿಗೆ ನನ್ನ ಹತ್ತಿರವೇ ಬಂದಿದೆ. ಕ್ಯಾಮೆರಾಗಳೆಲ್ಲ ಹಾಡುಗಾರನಿಗೇ ಜೋತುಬಿದ್ದಿವೆ. ಡ್ರಮ್ಸ್ ಹಿಂದೆ ಕೂತ ನೀನು ಎಲ್ಲೂ ಕಾಣುವುದಿಲ್ಲ. ಪ್ರತಿ ಹಾಡಿಗೆ ಮುಂಚೆ, ಎಲ್ಲರಿಗೂ ತಾಳ ಸಿಗಲೆಂದು ನೀನು ಕೋಲಿಗೆ ಕೋಲು ತಟ್ಟುವುದಷ್ಟೇ ಕೇಳುತ್ತದೆ.

"ಮೇಡಂ, ಆ ಟಕಟಕ ಎಲ್ರೂ ಕತ್ತರಿಸ್ತಾರಲ್ವಾ? ನೀವ್ಯಾಕೆ ಬಿಟ್ಟಿದ್ದೀರಿ?" ಎಂದರು ನಿರ್ದೇಶಕರು, ಇವತ್ತು.

"ಮರೆತೆ ಸಾರ್" ಎಂದೆ. ಕತ್ತರಿಸಿದೆ. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಕೊನೆಗೆ ಕತ್ತರಿಸಿದ ತುಂಡುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಮನೆಗೆ ತಂದೆ. ಅದರಲ್ಲಿ ಹಾಡೇ ಇಲ್ಲ.

ಈ ಸದ್ದು ತಲೆ ತಿನ್ನುತ್ತದೆಂದು ನಿನ್ನನ್ನು ಹೊರಗಟ್ಟುತ್ತಿದ್ದ ಅಮ್ಮ, ಪಕ್ಕದಲ್ಲೇ ಕೂತು, "ಇನ್ನೊಂದ್ಸಲ ಹಾಕೇ" ಅನ್ನುತ್ತಿದ್ದಾಳೆ.