ಕೇಳಿಸದಿದ್ದರೆ ತಲೆಯಾಡಿಸಬೇಡ

ಅಣ್ಣಾ,

ಬೆಳಗಿನ ಪಾಳಿ ತಪ್ಪಿಸಲಾಗಲಿಲ್ಲ, ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ನಿನ್ನ ಜೊತೆ ಫಿರಂಗಿಗೆ ಗುಂಡು ತುಂಬುತ್ತಿದ್ದ ಸೋಡಾಬುಡ್ಡಿ ಸಾಕ್ಷಿ ಹೇಳಲು ಬರುತ್ತಾನೆ. ಬಾಗಿಲು ಬಡಿದರೆ ನಿನಗೆ ತಿಳಿಯದು, ತೆರೆದೇ ಇಡು. "ಅವನಿಗೆ ಕಿವಿಯಿಲ್ಲ, ನನಗೆ ಕಣ್ಣಿಲ್ಲ, ಇಬ್ರೂ ಸೇರಿದ್ರೆ ಒಬ್ಬ ಆಳು ಕಣಮ್ಮಾ" ಅಂತ ನಗುತ್ತಿದ್ದ.

ಇವತ್ತು ಡಾಕ್ಟರ ಮಂಡಳಿಯ ಮುಂದೆ ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನು, ದಮ್ಮಯ್ಯ. ಹೋದ ಸಲ ಅವರು, "ಸೈನ್ಯ ಸೇರೋ ಮುಂಚೇನೇ ಕಿವಿ ಮಂದ ಇತ್ತೇನ್ರೀ?" ಎಂದು ಕೇಳಿದ್ದರು. ನೀನು ಎಂದಿನಂತೆ ನೆಟ್ಟಗೆ ನಿಂತು, ತಲೆಯಾಡಿಸಿ, "ಹೌದು ಸಾರ್" ಅಂದೆ. ನಿನ್ನ ಕಿವುಡಿಗೂ ಸೈನ್ಯಕ್ಕೂ ಸಂಬಂಧವಿಲ್ಲ, ಪರಿಹಾರವಿಲ್ಲ ಎಂದು ಬರೆದುಬಿಟ್ಟರು. ಅಷ್ಟು ವರ್ಷ ಫಿರಂಗಿಯ ಪಕ್ಕ ನಿಂತದ್ದು ನೀರಿನಲ್ಲಿ ಹೋಮವಾಯಿತು.

ಕೇಳಿಸದು ಎನ್ನುವುದು ನಾಚಿಕೆಯ ಮಾತಲ್ಲ ಅಣ್ಣಾ. ಹೀಗೆ ಬುದ್ಧಿ ಹೇಳುವುದು ನನಗೆ ಸಲ್ಲುತ್ತದೋ ಇಲ್ಲವೋ, ಗೊತ್ತಿಲ್ಲ.

ನಿನ್ನೆ ನೀನು ಷೂಗೆ ಪಾಲಿಷ್ ಹಾಕುತ್ತಿದ್ದಾಗ ನಾನು, "ಮತ್ತೆ ಅವರ ಮುಂದೆ ನಿಲ್ಲಿಸ್ತಿದೀನಿ ಅಂತ ನನ್ಮೇಲೆ ಕೋಪಾನಾ?" ಎಂದು ಕೇಳಿದೆ. ನೀನು ನಗುತ್ತಾ ಹೌದೆಂದು ತಲೆಯಾಡಿಸಿದೆ.

ಕೇಳಿಸಿರಲಿಲ್ಲ, ಗೊತ್ತು. ಆದರೂ ನಿದ್ದೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದು ಕೇಳುತ್ತಿದ್ದೇನೆ. ಓದಿ, ಸಂಜೆ ಉತ್ತರ ಹೇಳು.

ತಂಗಿ