ಶಾಂಭವಿಯ ಹಸಿರು ಬಳೆ

ಕೊಟ್ಟೂರು
೧೯-೯-೧೯೯೯, ಭಾನುವಾರ

ಪ್ರೀತಿಯ ಸೊಸೆ ಶಾಂಭವಿಗೆ ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯಮ್ಮ? ಹಾಸ್ಟೆಲಿನ ನೀರಿಗೆ ಕೂದಲು ಉದುರುತ್ತಿದೆ ಎಂದಿದ್ದೆಯಲ್ಲ, ನಿಂತಿತೆ? ಊಟ ಬಿಡಬೇಡ. ನಾನು ಕೊಟ್ಟ ಕಟಿರೊಟ್ಟಿ, ಶೇಂಗಾ ಚಟ್ನಿಯನ್ನು ಗೆಳತಿಯರಿಗೆಲ್ಲ ಹಂಚಿ ನೀನು ಹಸಿದುಕೊಂಡಿರುವವಳು ಎಂದು ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿ ಕೊಟ್ಟೂರಯ್ಯನ ದಯದಿಂದ ಎಲ್ಲರೂ ಸೌಖ್ಯ. ಅಂಗಡಿಯಲ್ಲಿ ಮಿರ್ಚಿ-ಮಂಡಕ್ಕಿ ವ್ಯಾಪಾರ ಜೋರು. ನಿನ್ನ ಗಂಡ ಹಂಪೇಶ ಮೊನ್ನೆ ಮಿರ್ಚಿ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ. ಅವನ ಮನಸ್ಸೆಲ್ಲ ನೀನಿರುವ ಹರಪನಹಳ್ಳಿಯಲ್ಲೇ ಇದೆ.

ನೀನು ಅವನಿಗೆ ಬರೆದ ಕಾಗದವನ್ನು ಅವನು ನನಗೂ ಓದಿ ಹೇಳಿದ. 'ಅತ್ತೆಗೆ ಹೇಳಬೇಡಿ' ಎಂಬ ಸಾಲನ್ನೂ ಬಿಡದೆ ಓದಿದ, ಪುಣ್ಯಾತ್ಮ! ನರ್ಸ್ ತರಬೇತಿ ಸಾಕು, ಬಂದು ಕರೆದುಕೊಂಡು ಹೋಗಿ ಎಂದಿದ್ದೀಯ. ಬಳೆ ತೆಗೆಯದಿದ್ದರೆ ಹೆರಿಗೆ ಕೋಣೆಗೆ ಬರಬೇಡ ಎಂದು ಸಿಸ್ಟರ್ ಹೊರಗೆ ನಿಲ್ಲಿಸಿದ್ದಾರಂತೆ, ಹೆರಿಗೆ ಮಾಡಿಸಲು ಕಲಿಯದೆ ಪರೀಕ್ಷೆಯೂ ಇಲ್ಲವಂತೆ. ಇದೆಲ್ಲ ನನ್ನಿಂದಲೇ ಆದದ್ದು, ಗೊತ್ತು. ಹೋದ ಸಲ ಆಸ್ಪತ್ರೆಗೆ ಬಂದಾಗ ನಿನ್ನ ಬರಿಗೈ ನೋಡಿ ನನ್ನ ಎದೆ ಧಸಕ್ಕೆಂದಿತು. ನಮ್ಮಲ್ಲಿ ಮುತ್ತೈದೆಯ ಕೈ ಬರಿದಾಗುವುದು ಗಂಡ ಹೋದ ದಿನವೇ. "ಅತ್ತೀ, ಬಳಿ ಇದ್ರ ಕೈ ಸ್ವಚ್ಛ ಆಗಂಗಿಲ್ಲ, ಒಡದ್ರ ಕೂಸಿಗೆ ಚುಚ್ಚತೈತಿ" ಎಂದು ನೀನು ಎಷ್ಟು ಮೆಲ್ಲಗೆ ಹೇಳಿದರೂ ನನ್ನ ಕಿವಿಗೆ ಬೀಳಲಿಲ್ಲ. ಅಷ್ಟು ಜನರ ಎದುರು ಅತ್ತು ರಂಪ ಮಾಡಿ, ನಿನ್ನನ್ನು ಬಳೆಗಾರನ ಮುಂದೆ ಕೂರಿಸಿ ಕೈತುಂಬ ಹಸಿರು ಬಳೆ ಇಡಿಸಿಯೇ ಬಸ್ಸು ಹತ್ತಿದೆ.

ಪಕ್ಕದ ಮನೆಯ ನಾಗಲಿಂಗಮ್ಮನಂತೂ "ಗಂಡ ಕಲ್ಲುಗುಂಡಿನಂಗ ಇರಾಗ ಬಳಿ ತಗಿ ಅನ್ನೋದು ಎಂಥ ಓದವ್ವ ಅದು?" ಎನ್ನುತ್ತಾಳೆ. ಅವಳ ಬಾಯಿ ಬಿಡು. ಆದರೆ ಹಂಪೇಶ ನನಗೆ ಒಬ್ಬನೇ ಮಗ. ಬಳೆ ತೆಗೆ ಎಂದು ಬರೆಯಲು ಕೂತವಳು ಕಾಗದ ಮಡಚಿಟ್ಟು ಎದ್ದುಬಿಡುತ್ತಿದ್ದೆ. ಅದಕ್ಕೇ ಉತ್ತರ ಇಷ್ಟು ತಡವಾಯಿತು.

ಅವನನ್ನು ಹೆರುವಾಗ ನಾನು ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದೆ. ಒಬ್ಬ ನರ್ಸಮ್ಮ ಬೆಳಗಿನಿಂದ ಸಂಜೆಯವರೆಗೆ ನನ್ನ ಕೈ ಹಿಡಿದು ಕೂತಿದ್ದಳು. ಆ ಕೈಯಲ್ಲಿ ಬಳೆ ಇದ್ದವೋ ಇಲ್ಲವೋ, ದೇವರಾಣೆಗೂ ನಾನು ನೋಡಲಿಲ್ಲ. "ಯವ್ವಾ, ಕೈ ಬಿಡಬ್ಯಾಡ" ಎಂದು ಕೂಗುತ್ತಿದ್ದೆ, ಅಷ್ಟೇ. ನೀನು ಹಾಗೆ ಯಾರದಾದರೂ ಕೈ ಹಿಡಿಯಬೇಕೆಂದು ನನಗೆ ಬಹಳ ಆಸೆ, ಶಾಂಭವಿ. ಓದು ಬಿಟ್ಟು ಬಂದರೆ ಬಾಗಿಲು ತೆರೆಯುವುದಿಲ್ಲ, ನೋಡು.

ಸಿಸ್ಟರಿಗೆ ನನ್ನ ಶರಣು ತಿಳಿಸು. ಕೊಟ್ಟೂರಯ್ಯ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಅನ್ನದಾನಮ್ಮ

ತಾ.ಕ.: ಅಂಚೆ ಡಬ್ಬಿಗೆ ಹಾಕಲು ಹಂಪೇಶ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಿನ್ನ ಕಾಗದ ಬಂದ ದಿನವೇ ಸಾಬೂನು ಹಚ್ಚಿ ನನ್ನ ಬಳೆಗಳನ್ನೆಲ್ಲ ತೆಗೆದಿಟ್ಟೆ. ಆಗುವುದೇನಾದರೂ ಇದ್ದರೆ ಮೊದಲು ನನ್ನ ಗಂಡನಿಗೇ ಆಗಲಿ, ನಿನ್ನ ಗಂಡನ ಮಾತು ಆಮೇಲೆ ಎಂದುಕೊಂಡೆ. ಅಂದಿನಿಂದ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಬಡಿಸುತ್ತಿದ್ದೇನೆ. ನಡುವೆ ಒಮ್ಮೆ ಅವರು ಕೆಮ್ಮಿದಾಗ ನನ್ನ ಜೀವ ಬಾಯಿಗೆ ಬಂದಿತ್ತು, ನೋಡಿದರೆ ಮಿರ್ಚಿ ಖಾರ. ಈಗ "ಲೇ, ಇನ್ನೊಂದು ರೊಟ್ಟಿ ಹಾಕು" ಎಂದು ಒಳಗಿನಿಂದ ಕೂಗುತ್ತಿದ್ದಾರೆ. ನಿನ್ನ ಮಾವ ಗಟ್ಟಿಯಾಗಿದ್ದಾರೆ, ತಾಯಿ. ನೀನೂ ಬಳೆ ತೆಗೆದು ಒಳಗೆ ಹೋಗು.